ಎತ್ತರದ ಪೋಸ್ಟಿಗೆ ಹೊರಟ ಜವಾನನಿಗೆ: ಲೇಹ್‌ನಿಂದ ಹಿಮನದಿಯವರೆಗೆ ದೇಹ ಕಾಯುವ ಕ್ರಮ

ನಮ್ಮ ಕಡೆಯ ಹುಡುಗನಿಗೆ ಲಡಾಖ್‌ಗೆ ಆದೇಶ ಬಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ಅಲ್ಲಿ ಗುಂಡು ಹಾರುತ್ತದೆಯೇ ಎಂಬುದು. ನನ್ನ ಉತ್ತರ ಬೇರೆ ಕಡೆ ತಿರುಗುತ್ತದೆ. 1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಮನದಿಯನ್ನು ವಶಕ್ಕೆ ಪಡೆಯುವ ಆಪರೇಷನ್ ಮೇಘದೂತ್ ಆರಂಭವಾದಾಗಿನಿಂದ ಅಲ್ಲಿ ಶತ್ರುವಿನ ಗುಂಡಿಗಿಂತ ಹೆಚ್ಚು ಸೈನಿಕರನ್ನು ಬಲಿ ಪಡೆದಿರುವುದು ಚಳಿ, ಎತ್ತರ ಮತ್ತು ಹಿಮಪಾತ. ಗುಂಡಿಗೆ ಅಡಗಿ ಕೂರಬಹುದು. ಗಾಳಿ ತೆಳುವಾಗಿರುವ ಕಡೆ ಎಲ್ಲಿ ಅಡಗುತ್ತೀರಿ?

ನಾನು ಸೇನಾ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ದುಡಿದು ನಿವೃತ್ತನಾದವನು. ವೈದ್ಯನಲ್ಲ. ಆದರೆ ಪೋಸ್ಟಿನಲ್ಲಿ ಮಧ್ಯರಾತ್ರಿ ಕೆಮ್ಮುವವನ ಪಕ್ಕದಲ್ಲಿ ಕುಳಿತಿರುವವನು ಹೆಚ್ಚಾಗಿ ನನ್ನಂಥವನೇ. ನನ್ನ ಅನುಭವದಲ್ಲಿ ಎತ್ತರದಲ್ಲಿ ಜವಾನನಿಗೆ ಬರುವ ಅತಿ ಕೆಟ್ಟ ಕಾಯಿಲೆ ಮುಚ್ಚಿಡುವುದು. ತಲೆನೋವನ್ನು ಮುಚ್ಚಿಡುತ್ತಾನೆ, ಕೆಮ್ಮನ್ನು ಮುಚ್ಚಿಡುತ್ತಾನೆ, ಮರಗಟ್ಟಿದ ಕಾಲ್ಬೆರಳನ್ನು ಕಾಲುಚೀಲದೊಳಗೆ ಮುಚ್ಚಿಡುತ್ತಾನೆ. ಮುಂದೆ ಹೇಳುವ ಪ್ರತಿ ಹೆಜ್ಜೆಯಲ್ಲೂ ಈ ಮಾತು ಮತ್ತೆ ಬರುತ್ತದೆ, ಬೇಸರಿಸಬೇಡಿ.

ಹೆಜ್ಜೆ 1: ಊರಿನಲ್ಲೇ ಮುಗಿಸಬೇಕಾದದ್ದು

ಹಲ್ಲು ನೋಯುತ್ತಿದ್ದರೆ ಈಗಲೇ ತೋರಿಸಿ. ನಗಬೇಡಿ. ಹೆಲಿಕಾಪ್ಟರ್ ವಾರಗಟ್ಟಲೆ ಬಾರದ ಪೋಸ್ಟಿನಲ್ಲಿ ಹುಳುಕು ಹಲ್ಲು ಏನು ಮಾಡುತ್ತದೆ ಎಂಬುದನ್ನು ಕಂಡವರು ನಗುವುದಿಲ್ಲ. ಮೂಲವ್ಯಾಧಿ ಇದ್ದರೂ ಅಷ್ಟೇ. ನೀರು ಕಡಿಮೆ ಕುಡಿಯುವ ಚಳಿಯಲ್ಲಿ ಅದು ಉಲ್ಬಣಿಸುತ್ತದೆ.

ಯೂನಿಟ್‌ನ ವೈದ್ಯಾಧಿಕಾರಿಗೆ, ಅಂದರೆ ಆರ್‌ಎಂಒ ಸಾಹೇಬರಿಗೆ, ಮೂರು ವಿಷಯಗಳನ್ನು ತಪ್ಪದೆ ಹೇಳಿ. ಈ ಹಿಂದೆ ಎತ್ತರದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿತ್ತೇ? ಒಮ್ಮೆ ಬಂದವನಿಗೆ ಅದು ಮತ್ತೆ ಬರುವ ಸಂಭವ ಹೆಚ್ಚು. ಕುಟುಂಬದಲ್ಲಿ ಯಾರಿಗಾದರೂ ಸಿಕಲ್ ಸೆಲ್ ರಕ್ತದೋಷ ಇದೆಯೇ? ಕೆಳಗೆ ಯಾವ ತೊಂದರೆಯನ್ನೂ ಕೊಡದೆ ಸುಮ್ಮನಿರುವ ಅರ್ಧ ದೋಷ (ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಬಂದದ್ದು) ಕೂಡ ಎತ್ತರದಲ್ಲಿ ಗುಲ್ಮಕ್ಕೆ ಪೆಟ್ಟು ಕೊಡಬಲ್ಲದು. ಸಲ್ಫಾ ಔಷಧಕ್ಕೆ ಮೈ ತುರಿಸಿದ್ದುಂಟೇ? ಎತ್ತರದ ಕಾಯಿಲೆಗೆ ಕೊಡುವ ಅಸೆಟಾಜೋಲಮೈಡ್ ಅದೇ ಬಳಗದ ಮಾತ್ರೆ.

ನೆಗಡಿ, ಗಂಟಲುಬೇನೆ, ಜ್ವರ ಇದ್ದಾಗ ಮೇಲೇರಬೇಡಿ. ವಿಮಾನದ ಸೀಟು ತಪ್ಪಿದರೆ ಇನ್ನೊಂದು ಸಿಗುತ್ತದೆ. ಇನ್ನು ಬೀಡಿ, ಸಿಗರೇಟು. ಎಲ್ಲರೂ ಹೇಳುವ ಮಾತನ್ನು ನಾನೂ ಹೇಳುತ್ತೇನೆ, ಆದರೆ ಕಾರಣ ಬೇರೆ: ತಂಬಾಕು ಬೆರಳ ತುದಿಯ ರಕ್ತನಾಳಗಳನ್ನು ಹಿಂಡುತ್ತದೆ. ಚಳಿ ಮಾಡುವುದೂ ಅದನ್ನೇ. ಇಬ್ಬರೂ ಸೇರಿದರೆ ಬೆರಳು ಉಳಿಯುವುದು ಕಷ್ಟ.

ಹೆಜ್ಜೆ 2: ಲೇಹ್‌ನ ಆರು ದಿನ

ಲೇಹ್ ಸುಮಾರು 11,500 ಅಡಿ ಎತ್ತರದಲ್ಲಿದೆ. ಚಂಡೀಗಢದಲ್ಲಿ ವಿಮಾನ ಹತ್ತಿದವನು ಒಂದೆರಡು ತಾಸಿನಲ್ಲಿ ಅಲ್ಲಿರುತ್ತಾನೆ. ದೇಹಕ್ಕೆ ಸುದ್ದಿ ಮುಟ್ಟುವುದೇ ತಡವಾಗಿ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲಿಯೂ ಶೇ 21ರಷ್ಟೇ. ಕಡಿಮೆಯಾಗಿರುವುದು ಗಾಳಿಯ ಒತ್ತಡ. 18,000 ಅಡಿ ತಲುಪುವ ಹೊತ್ತಿಗೆ ಅದು ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಒಂದೊಂದು ಉಸಿರೂ ಅರ್ಧ ಉಸಿರು.

1962ರ ಯುದ್ಧದ ಕಾಲದಲ್ಲಿ ಬಯಲಿನಿಂದ ನೇರವಾಗಿ ಮೇಲಕ್ಕೆ ಒಯ್ದ ಸೈನಿಕರು ಹೀಗೆಯೇ ಕುಸಿದರು. ಆಗ ಇದನ್ನು ಹತ್ತಿರದಿಂದ ಕಂಡ ನಮ್ಮ ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರ ವಿವರಗಳನ್ನು 1969ರಲ್ಲಿ ಪ್ರಕಟಿಸಿದರು. ಎತ್ತರದ ಕಾಯಿಲೆಯ ಬಗ್ಗೆ ಜಗತ್ತು ಇಂದಿಗೂ ನೆನೆಯುವ ಅಧ್ಯಯನ ಅದು. ಇವತ್ತು ನಿಮ್ಮನ್ನು ಲೇಹ್‌ನಲ್ಲಿ ಸುಮ್ಮನೆ ಕೂರಿಸುವ ನಿಯಮದ ಹಿಂದೆ ಅಂಥ ಅನುಭವಗಳಿವೆ.

9,000ದಿಂದ 12,000 ಅಡಿಯ ಮೊದಲ ಹಂತ ಆರು ದಿನಗಳದ್ದು. ಮೊದಲ ಎರಡು ದಿನ ವಿಶ್ರಾಂತಿ. ಬ್ಯಾರಕ್‌ನ ಆಸುಪಾಸಿನಲ್ಲಿ ನಿಧಾನವಾಗಿ ಅಡ್ಡಾಡಬಹುದು, ಅಷ್ಟೇ. ಮೂರು ಮತ್ತು ನಾಲ್ಕನೇ ದಿನ ಒಂದೂವರೆಯಿಂದ ಮೂರು ಕಿಲೋಮೀಟರ್ ನಿಧಾನ ನಡಿಗೆ, ಕಡಿದಾದ ಏರು ಬೇಡ. ಐದು ಮತ್ತು ಆರನೇ ದಿನ ಐದು ಕಿಲೋಮೀಟರ್‌ವರೆಗೆ ನಡೆದು 300 ಮೀಟರ್ ಏರಬಹುದು.

ಈ ನಿಯಮವನ್ನು ಮುರಿಯುವವರು ಯಾರು ಗೊತ್ತೇ? ಸೋಮಾರಿಗಳಲ್ಲ. ಸೇನೆಯ ದೈಹಿಕ ಪರೀಕ್ಷೆಯ ಓಟದಲ್ಲಿ ಮೊದಲು ಬರುವವರು, ಗರಡಿಯಲ್ಲಿ ಸಾಮು ಮಾಡಿದವರು. ಮೊದಲ ದಿನ ಸಂಜೆಗೆ ಮೈ ಹಗುರವಾಗಿದೆ ಎಂದುಕೊಂಡು ವಾಲಿಬಾಲ್ ಆಡಲು ಇಳಿಯುತ್ತಾರೆ. ಬಲಕ್ಕೂ ಎತ್ತರ ತಾಳುವುದಕ್ಕೂ ಸಂಬಂಧವಿಲ್ಲ. ಕುಸ್ತಿ ಪಟುವಿನಂತಿದ್ದ ಒಬ್ಬ ಜವಾನ ಎರಡನೇ ದಿನ ಮಂಚದಿಂದ ಏಳಲಾಗದೆ ಮಲಗಿದ್ದನ್ನೂ, ಅವನ ಪಕ್ಕದ ಸಣಕಲು ಅಡುಗೆಯವನು ಹಾಯಾಗಿ ಚಹಾ ಕಾಯಿಸುತ್ತಿದ್ದುದನ್ನೂ ಒಂದೇ ಕೋಣೆಯಲ್ಲಿ ಕಂಡಿದ್ದೇನೆ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಊರಿನಲ್ಲಿ 97 ಅಥವಾ 98 ತೋರಿಸಿದ್ದು ಲೇಹ್‌ನಲ್ಲಿ 90ರ ಆಸುಪಾಸಿಗೆ ಇಳಿದರೆ ಗಾಬರಿ ಬೇಡ, ಹೊಸಬರಿಗೆ ಅದು ಸಹಜ. ಬೆರಳು ತಣ್ಣಗಿದ್ದರೆ ಅಂಕಿ ಇನ್ನೂ ಕೆಳಗೆ ಬೀಳುತ್ತದೆ. ಉಜ್ಜಿ ಬೆಚ್ಚಗಾಗಿಸಿ ಮತ್ತೆ ನೋಡಿ. ಅಂಕಿಗಿಂತ ಮನುಷ್ಯನನ್ನು ನೋಡುವುದು ಮುಖ್ಯ.

ಹೆಜ್ಜೆ 3: ಮುಂದಿನ ಎಂಟು ದಿನ

12,000ದಿಂದ 15,000 ಅಡಿಗೆ ನಾಲ್ಕು ದಿನ, ಅದರ ಮೇಲಕ್ಕೆ ಮತ್ತೆ ನಾಲ್ಕು ದಿನ. ಎರಡೂ ಹಂತಗಳಲ್ಲಿ ಕ್ರಮ ಒಂದೇ: ಮೊದಲ ಎರಡು ದಿನ ನಿಧಾನ ನಡಿಗೆ, ಮೂರನೇ ದಿನ ಬರಿಗೈಯಲ್ಲಿ 300 ಮೀಟರ್ ಏರು, ನಾಲ್ಕನೇ ದಿನ ಅಷ್ಟೇ ಏರು ಬೆನ್ನಿನ ಮೇಲೆ ಲೋಡ್ ಹೊತ್ತು. ಒಟ್ಟು ಹದಿನಾಲ್ಕು ದಿನ.

ನುಬ್ರಾ ಕಣಿವೆಯ ಕಡೆಗೆ ಹೋಗುವವರು ಖರ್ದುಂಗ್ ಲಾ ಎಂಬ ಬೆಟ್ಟದ ಮೇಲಿನ ದಾರಿಯನ್ನು ದಾಟಬೇಕು. ಅಲ್ಲಿನ ಫಲಕ 18,380 ಅಡಿ ಎಂದು ಹೇಳಿದರೂ ಅಳೆದವರ ಲೆಕ್ಕ 17,582. ಎರಡರಲ್ಲಿ ಯಾವುದೇ ಆಗಲಿ, ಫೋಟೊಗಾಗಿ ಅರ್ಧ ಗಂಟೆ ಇಳಿದು ನಿಲ್ಲುವ ಜಾಗ ಅದಲ್ಲ. ದಾಟಿ ಇಳಿಯಿರಿ.

ಹೆಜ್ಜೆ 4: ಮೂರು ಶತ್ರುಗಳ ಗುರುತು

ಮೊದಲನೆಯದು ಸಾಮಾನ್ಯ ಎತ್ತರದ ಕಾಯಿಲೆ. ಮೇಲೆ ಬಂದ ಆರರಿಂದ ಹನ್ನೆರಡು ಗಂಟೆಗಳಲ್ಲಿ ತಲೆನೋವು, ಜೊತೆಗೆ ಊಟ ಸೇರದಿರುವುದು, ವಾಕರಿಕೆ, ತಲೆಸುತ್ತು, ಮೈಭಾರ. ಹೆಚ್ಚು ಜನರಿಗೆ ಒಂದೆರಡು ದಿನಗಳಲ್ಲಿ ತಾನೇ ಇಳಿಯುತ್ತದೆ. ನಿಯಮ ಒಂದೇ: ತಲೆನೋವು ಇರುವವರೆಗೆ ಒಂದಡಿಯೂ ಮೇಲೇರಬಾರದು. ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು, ಆದರೆ ನೋವು ಮರೆಸಿಕೊಂಡು ಏರುವುದಕ್ಕಾಗಿ ಅಲ್ಲ. ಹೆಚ್ಚುತ್ತಾ ಹೋದರೆ ಕೆಳಗಿಳಿಯಬೇಕು. ಅಸೆಟಾಜೋಲಮೈಡ್ ಯಾರಿಗೆ, ಎಷ್ಟು ಎಂಬುದನ್ನು ಆರ್‌ಎಂಒ ನಿರ್ಧರಿಸುತ್ತಾರೆ. ನುಂಗಿದವರಿಗೆ ಬೆರಳ ತುದಿ ಜುಮುಜುಮು ಎನ್ನುತ್ತದೆ, ಮೂತ್ರ ಹೆಚ್ಚುತ್ತದೆ, ಹೆದರಬೇಡಿ.

ಎರಡನೆಯದು ಶ್ವಾಸಕೋಶದಲ್ಲಿ ನೀರು ತುಂಬುವುದು. ಸೇನೆಯಲ್ಲಿ ಎಲ್ಲರ ಬಾಯಲ್ಲೂ ಇದು ಹ್ಯಾಪೊ. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಕೆಲವೆಡೆ ಬಿಗಿಯುತ್ತವೆ, ಉಳಿದೆಡೆ ರಕ್ತ ನುಗ್ಗಿ ಒತ್ತಡ ಏರುತ್ತದೆ, ನೀರಿನಂಶ ಗಾಳಿಚೀಲಗಳಿಗೆ ಒಸರುತ್ತದೆ. ಹೊಳೆಯಲ್ಲಿ ಮುಳುಗದೆಯೇ ಮುಳುಗುವ ಸಾವು. ಸಾಮಾನ್ಯವಾಗಿ ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ, ಅದರಲ್ಲೂ ರಾತ್ರಿ, ಕಾಣಿಸಿಕೊಳ್ಳುತ್ತದೆ. ತಲೆನೋವು ಮೊದಲು ಬಂದೇ ಬರಬೇಕೆಂದೇನಿಲ್ಲ.

ಗುರುತಿನ ಕ್ರಮ ಹೀಗಿರುತ್ತದೆ. ನಿನ್ನೆ ಸಲೀಸಾಗಿ ನಡೆದ ದೂರ ಇವತ್ತು ಆಗುವುದಿಲ್ಲ. ಗುಂಪಿನಲ್ಲಿ ಹಿಂದುಳಿಯುತ್ತಾನೆ. ಒಣ ಕೆಮ್ಮು. ಆಮೇಲೆ ಕುಳಿತಲ್ಲೇ ಏದುಸಿರು. ಮಲಗಿದರೆ ಉಸಿರುಗಟ್ಟುತ್ತದೆ ಎಂದು ಗೋಡೆಗೆ ಒರಗಿ ಕೂರುತ್ತಾನೆ. ತುಟಿ, ಉಗುರು ನೀಲಿ. ಬೆನ್ನಿಗೆ ಕಿವಿಯಿಟ್ಟರೆ ಗೊರಗೊರ ಶಬ್ದ. ಕೊನೆಗೆ ಗುಲಾಬಿ ಬಣ್ಣದ ನೊರೆ ಕಫ. ನೊರೆ ಬರುವವರೆಗೆ ಕಾದರೆ ಕಾಯಿಲೆ ನಮ್ಮನ್ನು ದಾಟಿ ಬಹಳ ದೂರ ಹೋಗಿರುತ್ತದೆ. ಕುಳಿತಲ್ಲೇ ಏದುಸಿರು ಬಂತೆಂದರೆ ಹ್ಯಾಪೊ ಎಂದೇ ತಿಳಿದು ಓಡಿ. ನೆಗಡಿ ಇರಬಹುದು, ನ್ಯುಮೋನಿಯಾ ಇರಬಹುದು ಎಂಬ ಚರ್ಚೆಯನ್ನು ಆಮ್ಲಜನಕ ಹಾಕಿದ ಮೇಲೆ ಮಾಡಿದರಾಯಿತು.

ಮಾಡಬೇಕಾದದ್ದು: ಕುಳ್ಳಿರಿಸಿ, ಬೆಚ್ಚಗಿಡಿ, ಆಮ್ಲಜನಕ ಕೊಡಿ, ಕೆಳಗಿಳಿಸಿ. ನಡೆಸಬೇಡಿ, ಶ್ರಮ ಒತ್ತಡವನ್ನು ಮತ್ತಷ್ಟು ಏರಿಸುತ್ತದೆ. ಹೊತ್ತುಕೊಂಡು ಹೋಗಿ. ನಿಫೆಡಿಪಿನ್ ಕೊಡುವುದು ವೈದ್ಯರ ಆದೇಶದಂತೆ. ಇಳಿಸಲು ದಾರಿಯಿಲ್ಲದಿದ್ದರೆ ಹ್ಯಾಪೊ ಚೀಲವಿದೆ: ಮನುಷ್ಯನನ್ನು ಒಳಗೆ ಮಲಗಿಸಿ ಕಾಲಿನ ಪಂಪಿನಿಂದ ಗಾಳಿ ತುಂಬಿದರೆ ಒಳಗಿನ ಒತ್ತಡ ಐದಾರು ಸಾವಿರ ಅಡಿ ಕೆಳಗಿಳಿದಷ್ಟು ಆಗುತ್ತದೆ. ಪಂಪ್ ಒತ್ತುವುದನ್ನು ನಿಲ್ಲಿಸುವಂತಿಲ್ಲ, ಒಳಗಿನ ಗಾಳಿ ಬದಲಾಗುತ್ತಲೇ ಇರಬೇಕು. ಚೀಲ ಕೊಡುವುದು ಕೆಲವು ಗಂಟೆಗಳ ಕಾಲಾವಕಾಶ ಮಾತ್ರ. ಹೊರಬಂದವನು ಚೆನ್ನಾಗಿ ಮಾತನಾಡಿದನೆಂದು ಅವನನ್ನು ಪೋಸ್ಟಿನಲ್ಲೇ ಉಳಿಸಿಕೊಂಡರೆ ಮತ್ತೆ ತುಂಬಿಕೊಳ್ಳುತ್ತದೆ.

ಮೂರನೆಯದು ಮಿದುಳು ಊದುವುದು, ಹ್ಯಾಕೊ. ಇದರ ಮೊದಲ ಗುರುತು ತೂರಾಟ. ನೆಲದ ಮೇಲೆ ಗೆರೆ ಎಳೆದು ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ನಡೆಸಿ. ಹತ್ತು ಹೆಜ್ಜೆ ನೆಟ್ಟಗೆ ಇಡಲಾಗದಿದ್ದರೆ, ಕುಡಿಯದೆ ಕುಡಿದವನಂತೆ ನಡೆದರೆ, ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ಕಾರಣವಿಲ್ಲದೆ ಸಿಡುಕಿದರೆ ತಡಮಾಡಬೇಡಿ. ಡೆಕ್ಸಾಮೆಥಾಸೋನ್, ಆಮ್ಲಜನಕ, ಇಳಿಕೆ. ಇಲ್ಲಿ ರೋಗಿಯ ಮಾತು ಲೆಕ್ಕಕ್ಕಿಲ್ಲ. "ನನಗೇನೂ ಆಗಿಲ್ಲ" ಎನ್ನುವ ಮಿದುಳೇ ಊದಿಕೊಂಡಿರುತ್ತದೆ.

ಹೆಜ್ಜೆ 5: ಸಂಜೆಯ ಐದು ನಿಮಿಷ

ಸೇನೆಯಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಬಡ್ಡಿ, ಅಂದರೆ ಜೋಡಿ ಸಂಗಾತಿ, ಇರುತ್ತಾನೆ. ಪೋಸ್ಟಿನಲ್ಲಿ ಅವನೇ ನಿಮ್ಮ ಕನ್ನಡಿ. ಪ್ರತಿ ಸಂಜೆ ಬೆಳಕಿರುವಾಗಲೇ ಒಬ್ಬರನ್ನೊಬ್ಬರು ನೋಡಿ: ತುಟಿಯ ಬಣ್ಣ, ನಿಮಿಷಕ್ಕೆ ಎಷ್ಟು ಉಸಿರು, ಗೆರೆಯ ಮೇಲಿನ ನಡಿಗೆ, ಕಾಲುಚೀಲ ಬಿಚ್ಚಿ ಹತ್ತು ಬೆರಳು, ಮೀನಖಂಡದಲ್ಲಿ ಊತವೇನಾದರೂ ಇದೆಯೇ ಎಂಬುದು. ಊತವನ್ನು ಸೇರಿಸಿದ್ದಕ್ಕೆ ಕಾರಣವಿದೆ. ತಿಂಗಳುಗಟ್ಟಲೆ ಎತ್ತರದಲ್ಲಿದ್ದವನ ರಕ್ತ ದಪ್ಪಗಾಗುತ್ತದೆ; ಬಿರುಗಾಳಿಯಿಂದಾಗಿ ದಿನಗಟ್ಟಲೆ ಟೆಂಟಿನಲ್ಲಿ ಮುದುಡಿ ಕುಳಿತರೆ ಕಾಲಿನಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೋ ಮಿದುಳಿಗೋ ಹೋಗಬಹುದು. ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ ಅದನ್ನು ತಿಕ್ಕಬೇಡಿ, ವರದಿ ಮಾಡಿ.

ಸಂಜೆಯೇ ಏಕೆ? ಮೇಲಿನ ಪೋಸ್ಟುಗಳಿಗೆ ಬರುವ ಚೀತಾ ಹೆಲಿಕಾಪ್ಟರ್‌ಗಳು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವು. ಲೇಹ್‌ನಲ್ಲಿ ನೆಲೆಸಿರುವ ಸಿಯಾಚಿನ್ ಪಯೋನಿಯರ್ಸ್ ಎಂಬ 114ನೇ ಹೆಲಿಕಾಪ್ಟರ್ ಯೂನಿಟ್‌ನ ಪೈಲಟ್‌ಗಳು ಅವನ್ನು ಅಂಗಳದಷ್ಟು ಜಾಗದಲ್ಲಿ ಇಳಿಸುತ್ತಾರೆ. ಆದರೆ ಹವೆ ತೆರೆದುಕೊಳ್ಳುವುದು ಹೆಚ್ಚಾಗಿ ಬೆಳಗಿನ ಕೆಲವೇ ಗಂಟೆ. ಸಂಜೆ ಐದಕ್ಕೆ ಹೇಳಿದರೆ ರಾತ್ರಿಗೆ ಆಮ್ಲಜನಕ ಸಿದ್ಧವಿರುತ್ತದೆ, ಬೆಳಗಿನ ಹಾರಾಟಕ್ಕೆ ಹೆಸರು ಹೋಗಿರುತ್ತದೆ. ರಾತ್ರಿ ಎರಡಕ್ಕೆ ಹೇಳಿದರೆ ಕತ್ತಲಲ್ಲಿ ಹಗ್ಗ ಕಟ್ಟಿಕೊಂಡು ಹಿಮದ ಬಿರುಕುಗಳನ್ನು ದಾಟಿ ನಿಮ್ಮನ್ನು ಹೊರುವ ಆರು ಜನರ ಜೀವವೂ ಪಣಕ್ಕೆ ಬೀಳುತ್ತದೆ. ಗೆಳೆಯರಿಗೆ ತೊಂದರೆ ಕೊಡಬಾರದೆಂದು ಸುಮ್ಮನಿರುವವನು ಕೊಡುವ ತೊಂದರೆ ಇದು.

ಹೇಳಿದ ಮೇಲೆ ಏನಾಗುತ್ತದೆ ಎಂದು ತಿಳಿದಿದ್ದರೆ ಭಯ ಕಡಿಮೆ. ಪೋಸ್ಟಿನ ನರ್ಸಿಂಗ್ ಅಸಿಸ್ಟೆಂಟ್ ನೋಡಿ ರೇಡಿಯೊದಲ್ಲಿ ಆರ್‌ಎಂಒ ಜೊತೆ ಮಾತನಾಡುತ್ತಾನೆ. ಅಲ್ಲಿಂದ ರೆಜಿಮೆಂಟಿನ ಪ್ರಥಮ ಚಿಕಿತ್ಸಾ ಠಾಣೆ, ಆಮೇಲೆ ಫೀಲ್ಡ್ ಆಸ್ಪತ್ರೆ, ಲೇಹ್‌ನ 153 ಜನರಲ್ ಆಸ್ಪತ್ರೆ, ಅಗತ್ಯವಿದ್ದರೆ ಚಂಡಿಮಂದಿರದ ಕಮಾಂಡ್ ಆಸ್ಪತ್ರೆ ಅಥವಾ ದೆಹಲಿಯ ಆರ್ ಆ್ಯಂಡ್ ಆರ್ ಸೇನಾ ಆಸ್ಪತ್ರೆ. ಹ್ಯಾಪೊ ಬಂದವರನ್ನು ಸಕಾಲದಲ್ಲಿ ಇಳಿಸಿದರೆ ಬಹುಪಾಲು ಜನ ಕೆಲವೇ ದಿನಗಳಲ್ಲಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ.

ಹೆಜ್ಜೆ 6: ಬೆರಳು, ಕಾಲು, ಕಣ್ಣು

ಹಿಮಹುಣ್ಣು ಮೊದಲು ನೋಯುತ್ತದೆ, ಆಮೇಲೆ ನೋವು ನಿಲ್ಲುತ್ತದೆ. ನೋವು ನಿಂತಿತೆಂದು ನೆಮ್ಮದಿಪಡುವವನು ಕೆಟ್ಟ. ಚರ್ಮ ಬಿಳಿಚಿ ಮೇಣದಂತಾಗಿ ಗಟ್ಟಿಯಾಗಿದ್ದರೆ ಒಳಗೆ ಹೆಪ್ಪುಗಟ್ಟುತ್ತಿದೆ ಎಂದರ್ಥ.

ಬರದಂತೆ ತಡೆಯುವುದು ಹೀಗೆ. ಕಾಲುಚೀಲ ಒಣಗಿರಬೇಕು, ನಡೆದು ಬೆವರಿದ ತಕ್ಷಣ ಬದಲಿಸಿ, ಒದ್ದೆಯದನ್ನು ಅಂಗಿಯೊಳಗೆ ಹೊಟ್ಟೆಯ ಬಳಿ ಇಟ್ಟು ಮೈಶಾಖದಲ್ಲೇ ಒಣಗಿಸಿ. ಬೂಟು ಬಿಗಿಯಾಗಬಾರದು, ಚಳಿ ಹೆಚ್ಚೆಂದು ಮೂರು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡದೆ ಬೆರಳು ಇನ್ನೂ ಬೇಗ ಹೆಪ್ಪುಗಟ್ಟುತ್ತದೆ. ರೈಫಲ್‌ನ ಲೋಹವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಅಂಟಿಕೊಂಡು ಕಿತ್ತುಬರುತ್ತದೆ. ದಪ್ಪ ಗವಸಿನ ಕೆಳಗೆ ತೆಳು ಗವಸು ಸದಾ ಇರಲಿ. ಬೆವರುವಷ್ಟು ಬಟ್ಟೆ ಹಾಕಿ ಏರಬೇಡಿ. ಏರುವಾಗ ಒಂದು ಪದರ ಬಿಚ್ಚಿ, ನಿಂತಾಗ ಹಾಕಿಕೊಳ್ಳಿ.

ರಮ್ ಬಗ್ಗೆ ಕೇಳುವವರಿದ್ದಾರೆ. ಕುಡಿದಾಗ ಬೆಚ್ಚಗೆನಿಸುವುದು ಒಳಗಿನ ಶಾಖ ಚರ್ಮಕ್ಕೆ ಬಂದು ಹೊರಗೆ ಸೋರಿಹೋಗುವುದರಿಂದ. ಎತ್ತರಕ್ಕೆ ಹೊಂದಿಕೊಳ್ಳುವ ದಿನಗಳಲ್ಲಿ ಮುಟ್ಟಲೇಬೇಡಿ. ಪಹರೆಗೆ ಹೊರಬೀಳುವ ಮುನ್ನ ಯಾವತ್ತೂ ಬೇಡ.

ಹೆಪ್ಪುಗಟ್ಟಿದ ಮೇಲೆ ಏನು? ಹಿಮ ಹಾಕಿ ಉಜ್ಜುವುದು ಹಳೆಯ ಮೂಢ ಪದ್ಧತಿ. ಒಳಗಿನ ಹರಳುಗಳು ಗಾಜಿನ ಪುಡಿಯಂತೆ ಮಾಂಸವನ್ನು ಸೀಳುತ್ತವೆ. ಬೆಂಕಿಗೂ, ಬಂಕರ್ ಕಾಯಿಸುವ ಒಲೆಯಾದ ಬುಖಾರಿಗೂ ಹಿಡಿಯಬೇಡಿ. ಸ್ಪರ್ಶವಿಲ್ಲದ ಕಾಲು ಸುಟ್ಟರೂ ತಿಳಿಯುವುದಿಲ್ಲ. ಸರಿಯಾದ ಕ್ರಮ 37ರಿಂದ 39 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು ಅರ್ಧ ಗಂಟೆ, ಚರ್ಮ ಮೃದುವಾಗಿ ಕೆಂಪೇರುವವರೆಗೆ ಅದ್ದಿಡುವುದು. ಥರ್ಮಾಮೀಟರ್ ಇಲ್ಲದಿದ್ದರೆ ಬಡ್ಡಿ ತನ್ನ ಮೊಣಕೈ ಅದ್ದಿ ನೋಡಲಿ. ಮಗುವಿಗೆ ಸ್ನಾನ ಮಾಡಿಸುವ ಬಿಸಿ ಇದ್ದರೆ ಸಾಕು. ಕರಗುವಾಗ ವಿಪರೀತ ನೋಯುತ್ತದೆ, ನೋವಿನ ಮಾತ್ರೆ ಬೇಕು. ಗುಳ್ಳೆ ಒಡೆಯಬೇಡಿ, ಬೆರಳುಗಳ ನಡುವೆ ಒಣ ಬಟ್ಟೆಯಿಟ್ಟು ಸಡಿಲವಾಗಿ ಸುತ್ತಿ.

ಇಲ್ಲಿ ಒಂದು ಎಚ್ಚರ. ಕರಗಿಸಿದ ಕಾಲು ಮತ್ತೆ ಹೆಪ್ಪುಗಟ್ಟಿದರೆ ಮೊದಲಿಗಿಂತ ಹೆಚ್ಚು ಹಾಳಾಗುತ್ತದೆ. ಆದ್ದರಿಂದ ಇನ್ನೂ ನಡೆದು ಇಳಿಯಬೇಕಾದ ದಾರಿ ಇದ್ದರೆ, ಹೆಪ್ಪುಗಟ್ಟಿದ ಕಾಲಿನಲ್ಲೇ ನಡೆದು ಬೆಚ್ಚಗಿನ ಜಾಗ ತಲುಪಿದ ಮೇಲೆ ಕರಗಿಸುವುದು ಮೇಲು. ಕೇಳಲು ಕ್ರೂರ, ಆದರೆ ಪಾದ ಉಳಿಸುವ ಲೆಕ್ಕ ಅದು. ಆಸ್ಪತ್ರೆಯಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧದಿಂದ ಬೆರಳು ಉಳಿಸುವ ಅವಕಾಶ ಕರಗಿಸಿದ ಮೇಲಿನ ಮೊದಲ 24 ಗಂಟೆಗಳಲ್ಲಿ ಇರುತ್ತದೆ. "ನಾಳೆ ನೋಡೋಣ" ಎಂಬುದಕ್ಕೆ ಬೆಲೆ ಬೆರಳು.

ಕಣ್ಣಿನ ವಿಷಯ ಚಿಕ್ಕದು. ಮೋಡವಿದ್ದರೂ ಕನ್ನಡಕ ತೆಗೆಯಬೇಡಿ. ಹಿಮದ ಪ್ರತಿಫಲನದಿಂದ ಆರರಿಂದ ಹನ್ನೆರಡು ಗಂಟೆಗಳ ನಂತರ ಕಣ್ಣಿಗೆ ಮರಳು ಸುರಿದಂತಾಗುತ್ತದೆ. ಉಜ್ಜದೆ, ಕತ್ತಲಲ್ಲಿ ತಣ್ಣೀರ ಬಟ್ಟೆ ಹಾಕಿ ಒಂದೆರಡು ದಿನ ಮಲಗಿದರೆ ಸಾಮಾನ್ಯವಾಗಿ ವಾಸಿ.

ಹೆಜ್ಜೆ 7: ಮೈ ತಣ್ಣಗಾದವನನ್ನು ಮುಟ್ಟುವ ಬಗೆ

2016ರ ಫೆಬ್ರವರಿ 3ರಂದು ಸುಮಾರು 19,600 ಅಡಿಯ ಸೋನಮ್ ಪೋಸ್ಟಿನ ಮೇಲೆ ಹಿಮದ ಗೋಡೆ ಕುಸಿದು 19 ಮದ್ರಾಸ್ ಬೆಟಾಲಿಯನ್‌ನ ಹತ್ತು ಸೈನಿಕರು ಹೂತುಹೋದರು. ಆರು ದಿನಗಳ ನಂತರ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಧಾರವಾಡ ಜಿಲ್ಲೆಯಲ್ಲಿ ಆ ವಾರ ದೇವರ ಮುಂದೆ ದೀಪ ಹಚ್ಚದ ಮನೆ ಇರಲಿಲ್ಲ. ದೆಹಲಿಯ ಆಸ್ಪತ್ರೆಯಲ್ಲಿ 11ರಂದು ಅವರು ತೀರಿಕೊಂಡಾಗ ಅನೇಕರು ನನ್ನನ್ನು ಕೇಳಿದರು: ಅಷ್ಟು ದಿನ ಹಿಮದಡಿ ಬದುಕಿದವರು ಆಸ್ಪತ್ರೆಗೆ ಬಂದ ಮೇಲೆ ಹೇಗೆ ಹೋದರು?

ತಣ್ಣಗಾದ ದೇಹ ಕೈಕಾಲಿನ ರಕ್ತವನ್ನು ನಿಲ್ಲಿಸಿ ಎದೆ ಮತ್ತು ತಲೆಯನ್ನು ಕಾಯುತ್ತದೆ. ಬೆಚ್ಚಗಾಗುತ್ತಿದ್ದಂತೆ ನಿಂತಿದ್ದ ತಣ್ಣನೆಯ, ವಿಷ ಸೇರಿದ ರಕ್ತ ಮರಳುತ್ತದೆ. ರಕ್ತದೊತ್ತಡ ಕುಸಿಯಬಹುದು, ಹೃದಯದ ಲಯ ತಪ್ಪಬಹುದು, ಮೂತ್ರಪಿಂಡ ಸೋಲಬಹುದು. ಹನುಮಂತಪ್ಪನವರಿಗೆ ನ್ಯುಮೋನಿಯಾ ಇತ್ತು, ಯಕೃತ್ತು ಮತ್ತು ಮೂತ್ರಪಿಂಡಗಳು ಸೋತಿದ್ದವು. ಬೆಚ್ಚಗೆ ಮಾಡುವುದೇ ಅಪಾಯದ ಘಟ್ಟ ಎಂಬುದನ್ನು ಪೋಸ್ಟಿನಲ್ಲಿರುವವರು ತಿಳಿದಿರಬೇಕು.

ಆದ್ದರಿಂದ: ನಡುಗುತ್ತಾ ಮಾತನಾಡುತ್ತಿರುವವನಿಗೆ ಒಣ ಬಟ್ಟೆ, ಸಕ್ಕರೆ ಹಾಕಿದ ಬಿಸಿ ಪಾನೀಯ ಸಾಕು. ನಡುಕ ನಿಂತು ಮಂಕಾಗಿದ್ದರೆ ಅದು ಸುಧಾರಣೆಯಲ್ಲ, ದೇಹದ ಶಾಖ 32 ಡಿಗ್ರಿಯ ಆಸುಪಾಸಿಗೋ ಅದಕ್ಕೂ ಕೆಳಗೋ ಇಳಿದಿದೆ. ಅವನನ್ನು ಕೂರಿಸಬೇಡಿ, ನಡೆಸಬೇಡಿ, ಕುಲುಕಬೇಡಿ. ಒರಟು ಎತ್ತಾಟದಿಂದಲೇ ಹೃದಯ ನಿಲ್ಲಬಹುದು. ಮಲಗಿಸಿಯೇ ಒದ್ದೆ ಬಟ್ಟೆ ಕತ್ತರಿಸಿ ತೆಗೆಯಿರಿ. ಶಾಖ ಕೊಡುವುದು ಎದೆ, ಕಂಕುಳು, ಬೆನ್ನಿಗೆ, ಕೈಕಾಲು ಉಜ್ಜಬೇಡಿ. ಪ್ರಜ್ಞೆ ಇಲ್ಲದವನ ಬಾಯಿಗೆ ಏನನ್ನೂ ಹಾಕಬೇಡಿ. ನಾಡಿ ಸಿಗದಿದ್ದರೂ ಸತ್ತನೆಂದು ಕೈಬಿಡಬೇಡಿ. ತಣ್ಣಗಾದವನ ನಾಡಿ ಅತಿ ನಿಧಾನ, ಒಂದು ನಿಮಿಷ ಪೂರ್ತಿ ಹುಡುಕಿ.

ಹೆಜ್ಜೆ 8: ಬುಖಾರಿ

ಸೀಮೆಎಣ್ಣೆಯ ಬುಖಾರಿ ಇಲ್ಲದೆ ಬಂಕರಿನಲ್ಲಿ ರಾತ್ರಿ ಕಳೆಯುವುದು ಕಷ್ಟ. ಅದರ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಒಂದು ಬೆಳಿಗ್ಗೆ ನನಗೂ ಜೊತೆಯ ಮೂವರಿಗೂ ತಲೆ ಸಿಡಿಯುತ್ತಿತ್ತು, ಎತ್ತರದ ತಲೆನೋವೆಂದು ಮಾತ್ರೆ ಹಂಚಿದೆ. ಹೊರಗೆ ಹೋದವನಿಗೆ ಹತ್ತು ನಿಮಿಷದಲ್ಲಿ ಕಡಿಮೆಯಾಯಿತು. ಆಗ ಹೊಳೆಯಿತು: ಗಾಳಿಕಿಂಡಿಯನ್ನು ರಾತ್ರಿಯ ಹಿಮ ಮುಚ್ಚಿತ್ತು.

ಒಂದೇ ಬಂಕರಿನ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಮೊದಲು ಬುಖಾರಿಯನ್ನು ಅನುಮಾನಿಸಿ. ಆಕ್ಸಿಮೀಟರ್ ಇಲ್ಲಿ ಸುಳ್ಳು ಹೇಳುತ್ತದೆ. ವಿಷಗಾಳಿ ಹಿಡಿದ ರಕ್ತವನ್ನೂ ಒಳ್ಳೆಯ ಅಂಕಿಯಾಗಿ ತೋರಿಸುತ್ತದೆ. ಕಿಂಡಿಯನ್ನು ಮಲಗುವ ಮುನ್ನ ತೆರವು ಮಾಡಿ, ಪಹರೆ ಬದಲಾದಾಗಲೆಲ್ಲ ನೋಡಿ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ಹಿಮ್ ತಾಪಕ್ ಈ ಅಪಾಯವನ್ನು ತಗ್ಗಿಸಲೆಂದೇ ಬಂದ ಬುಖಾರಿ, ಆದರೂ ಕಿಂಡಿ ಮುಚ್ಚುವ ಅಭ್ಯಾಸ ಬೇಡ.

ಹೆಜ್ಜೆ 9: ಊಟ, ನೀರು, ನಿದ್ದೆ

ಎತ್ತರದಲ್ಲಿ ಹಸಿವು ಸಾಯುತ್ತದೆ, ತೂಕ ಇಳಿಯುತ್ತದೆ. ಹಸಿವಾಗಲಿ ಎಂದು ಕಾಯದೆ ಗಡಿಯಾರ ನೋಡಿ ತಿನ್ನಿ. ಅನ್ನ, ಅವಲಕ್ಕಿ, ಸಿಹಿ ಚಹಾದಂಥ ಪಿಷ್ಟ ಮತ್ತು ಸಕ್ಕರೆಯ ಆಹಾರ ಕಡಿಮೆ ಆಮ್ಲಜನಕದಲ್ಲೇ ಶಕ್ತಿ ಕೊಡುತ್ತದೆ. ಎಣ್ಣೆಯದು ವಾಕರಿಕೆ ತರಿಸುತ್ತದೆ. ಬಿಸಿ ಮಾಡಿ ತಿನ್ನುವ ಸಿದ್ಧ ಆಹಾರದ ಪೊಟ್ಟಣಗಳ ಹಿಂದೆ 1961ರಲ್ಲಿ ಆರಂಭವಾದ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ಕೆಲಸವಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಸತ್ತ ನಾಲಿಗೆಯನ್ನು ಎಬ್ಬಿಸಿದ್ದು ಮನೆಯ ಶೇಂಗಾ ಚಟ್ನಿಪುಡಿ. ಅರ್ಧ ಕಿಲೋ ಕಟ್ಟಿಸಿಕೊಂಡು ಹೋಗಿ. ಪಂಜಾಬಿನವರೂ ಬೇಡುತ್ತಾರೆ, ಹಾಗಾಗಿ ಒಂದು ಕಿಲೋ ಇರಲಿ.

ನೀರು ದಿನಕ್ಕೆ ನಾಲ್ಕೈದು ಲೀಟರ್. ಬಾಯಾರಿಕೆ ಆಗುವುದಿಲ್ಲ, ಆದರೆ ಒಣ ಗಾಳಿ ಪ್ರತಿ ಉಸಿರಿನಲ್ಲೂ ನೀರು ಕದಿಯುತ್ತದೆ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದು. ಹಿಮವನ್ನು ಹಾಗೇ ಬಾಯಿಗೆ ಹಾಕಿಕೊಳ್ಳಬೇಡಿ, ಕರಗಿಸಿ ಕುದಿಸಿ.

ನಿದ್ದೆಯಲ್ಲಿ ಬಡ್ಡಿಯ ಉಸಿರು ಕೆಲವು ಕ್ಷಣ ನಿಂತು ಮತ್ತೆ ಜೋರಾಗಿ ಶುರುವಾದರೆ ಅದು ಎತ್ತರದ ಸಾಮಾನ್ಯ ಲಕ್ಷಣ. ನಿದ್ರೆ ಮಾತ್ರೆ ಮಾತ್ರ ಬೇಡ, ಉಸಿರಾಟವನ್ನೇ ಮಂದಗೊಳಿಸುತ್ತದೆ. ಮನೆಯವರು ಪಾರ್ಸೆಲ್‌ನಲ್ಲಿ ಕಳಿಸುವ ಹೆಸರಿಲ್ಲದ ಪುಡಿ, ಗುಳಿಗೆಗಳನ್ನೂ ಆರ್‌ಎಂಒಗೆ ತೋರಿಸದೆ ನುಂಗಬೇಡಿ.

ಹೆಜ್ಜೆ 10: ಮನಸ್ಸು, ಮತ್ತು ಮನೆಯವರಿಗೊಂದು ಮಾತು

ಐದಾರು ಜನ, ಒಂದು ಫೈಬರ್ ಗುಡಿಸಲು, ಮೂರು ತಿಂಗಳು ಬಿಳಿ ಬಣ್ಣ. ನಿದ್ದೆ ಕೆಡುತ್ತದೆ, ಸಿಟ್ಟು ಹತ್ತಿರ ಬರುತ್ತದೆ, ಸಣ್ಣ ಮಾತೂ ದೊಡ್ಡದಾಗುತ್ತದೆ. ದಿನಚರಿ ಕೈಬಿಡದಿರುವುದು ಅರ್ಧ ಔಷಧ: ಗಡ್ಡ ಹೆರೆಯುವುದು, ಇಸ್ಪೀಟು, ಅಡುಗೆಯ ಪಾಳಿ. ಮಾತು ನಿಲ್ಲಿಸಿ ಮೂಲೆ ಹಿಡಿದವನ ಬಗ್ಗೆ, ತನ್ನ ವಸ್ತುಗಳನ್ನು ಹಂಚತೊಡಗಿದವನ ಬಗ್ಗೆ ಹಿರಿಯರಿಗೆ ತಿಳಿಸಿ. ಅವನನ್ನು ಒಂಟಿಯಾಗಿ ಪಹರೆಗೆ ಬಿಡಬೇಡಿ. ದೇಶದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ರ ನೋಡಲ್ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್, ಕನ್ನಡದಲ್ಲೂ ಮಾತನಾಡಬಹುದು. ಸೈನಿಕರು ಮತ್ತು ಅವರ ಕುಟುಂಬಕ್ಕೆಂದೇ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಪ್ರತ್ಯೇಕ ಘಟಕ ತೆರೆಯಲಾಯಿತು.

ಮನೆಯವರೇ, ಫೋನ್ ಸಿಕ್ಕ ಐದು ನಿಮಿಷದಲ್ಲಿ ಹೊಲದ ಬದುವಿನ ಜಗಳ ತೆಗೆಯಬೇಡಿ. ದೊಡ್ಡ ಸುದ್ದಿಯನ್ನು ಮುಚ್ಚಿಡಬೇಕೆಂದಲ್ಲ. ಅದನ್ನು ಯೂನಿಟ್ ಮೂಲಕ ತಿಳಿಸಿ, ಪಕ್ಕದಲ್ಲಿ ಒಬ್ಬ ಹಿರಿಯ ಕುಳಿತು ಹೇಳುತ್ತಾನೆ. "ಕೆಮ್ಮು ಇದೆಯೇ? ಸಾಹೇಬರಿಗೆ ಹೇಳಿದೆಯಾ?" ಎಂದು ಕೇಳಿ. ಎಲ್ಲಿದ್ದೀಯ ಎಂದು ಕೇಳಬೇಡಿ, ಅವನು ಹೇಳುವಂತಿಲ್ಲ.

ಹೆಜ್ಜೆ 11: ಕಾಗದ

ಹುಡುಗರು ಮುಚ್ಚಿಡುವುದಕ್ಕೆ ನಾಚಿಕೆಯಷ್ಟೇ ದೊಡ್ಡ ಕಾರಣ ಮೆಡಿಕಲ್ ಕೆಟಗರಿಯ ಭಯ. ಶೇಪ್-1 (ಪೂರ್ಣ ಆರೋಗ್ಯದ ದರ್ಜೆ) ಹೋಯಿತು, ಬಡ್ತಿ ಹೋಯಿತು ಎಂಬ ಲೆಕ್ಕ. ತಾತ್ಕಾಲಿಕ ಕೆಳದರ್ಜೆ ತಾತ್ಕಾಲಿಕವೇ; ಮರುಪರೀಕ್ಷೆಯಲ್ಲಿ ಮೇಲೇರಬಹುದು. ದಾಖಲಾಗದ ಕಾಯಿಲೆಯೇ ಮುಂದೆ ಕಾಡುವುದು.

ಸಿಕ್ ರಿಪೋರ್ಟ್, ಆಸ್ಪತ್ರೆಯ ಬಿಡುಗಡೆ ಚೀಟಿ, ಗಾಯದ ವರದಿ, ವೈದ್ಯ ಮಂಡಳಿಯ ತೀರ್ಮಾನ, ಎಲ್ಲದರ ಪ್ರತಿ ಮನೆಯಲ್ಲಿರಲಿ. ಅಂಗವೈಕಲ್ಯ ಪಿಂಚಣಿಯ ಪ್ರಶ್ನೆ ಬಂದಾಗ ಕೇಳುವುದು, ಕಾಯಿಲೆ ಸೇವೆಯಿಂದ ಬಂತೇ ಅಥವಾ ಸೇವೆಯಿಂದ ಉಲ್ಬಣಿಸಿತೇ ಎಂದು. ಸೇರುವಾಗ ದಾಖಲೆಯಲ್ಲಿ ಇರದ ಕಾಯಿಲೆ ಆಮೇಲೆ ಬಂದರೆ ಅದು ಸೇವೆಯಿಂದಲೇ ಬಂತೆಂದು ಭಾವಿಸಬೇಕು ಎಂದು ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. 2023ರಲ್ಲಿ ನಿಯಮಗಳು ಬದಲಾಗಿವೆ, ಹಾಗಾಗಿ ಹಳಬರ ಕಥೆ ಕೇಳಿ ಕೂರದೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.

ಹೆಜ್ಜೆ 12: ರಜೆಯಿಂದ ಮರಳಿದಾಗ

ಹಳಬರು ಮೋಸಹೋಗುವುದು ಇಲ್ಲಿ. ಆರು ತಿಂಗಳು ಮೇಲಿದ್ದವನು ಊರಿಗೆ ಬಂದು ಜಾತ್ರೆ, ಮದುವೆ ಮುಗಿಸಿ ಮರಳುತ್ತಾನೆ. ದೇಹ ಕಲಿತದ್ದನ್ನು ಕೆಳಗೆ ಬೇಗ ಮರೆಯುತ್ತದೆ. ಮರಳಿ ಬಂದವರಿಗೂ ಹ್ಯಾಪೊ ಬರುತ್ತದೆ. ಹತ್ತು ದಿನಕ್ಕಿಂತ ಹೆಚ್ಚು, ನಾಲ್ಕು ವಾರದೊಳಗೆ ಕೆಳಗಿದ್ದವರು ಪ್ರತಿ ಹಂತದಲ್ಲೂ ನಾಲ್ಕು ದಿನ ಕಳೆಯಬೇಕು. ನಾಲ್ಕು ವಾರ ಮೀರಿದರೆ ನೀವು ಹೊಸಬರೇ: ಆರು, ನಾಲ್ಕು, ನಾಲ್ಕು, ಪೂರ್ತಿ ಹದಿನಾಲ್ಕು ದಿನ.

ಲೇಹ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಹೊಸ ಹುಡುಗರು ನಿಮ್ಮನ್ನು ನೋಡುತ್ತಿರುತ್ತಾರೆ, ಉಸ್ತಾದ್ ಬಂದರು ಎಂದು. ಟ್ರಂಕನ್ನು ಹೆಗಲಿಗೇರಿಸುವ ಆಸೆಯಾಗುತ್ತದೆ. ಕೆಳಗಿಡಿ, ಬೇರೆಯವರು ಹೊರಲಿ. ಬ್ಯಾರಕ್‌ಗೆ ಹೋಗಿ ಬೂಟು ಬಿಚ್ಚಿ ಮಲಗಿ. ತಲೆನೋವು ಬಂದರೆ ಸಂಜೆಯ ಹಾಜರಿಗೆ ಮೊದಲೇ ಹೇಳಿ.